ಗಾಳಿ ಬೆನ್ನಿಗೆ ಹೊಡೀಬೇಕಿತ್ತು ಅಲ್ವಾ?

ಕಳೆದ ನವೆಂಬರ್‌ನಲ್ಲಿ ಮಡಿಕೇರಿ ಸಂತೆಯಲ್ಲಿ ಬೀನ್ಸ್ ಆರಿಸುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ "ಮೇಡಂ" ಅಂದರು. ತಿರುಗಿದರೆ ನನ್ನ ಪಿಯುಸಿ ಹುಡುಗನೊಬ್ಬನ ಅಮ್ಮ. ಕೈಯಲ್ಲಿ ಎರಡು ಚೀಲ, ಮುಖದಲ್ಲಿ ಕೇಳಲೋ ಬೇಡವೋ ಅನ್ನುವ ಅನುಮಾನ. "ಬೇಜಾರು ಮಾಡ್ಕೋಬೇಡಿ ಮೇಡಂ, ಒಂದು ಮಾತು ಕೇಳ್ಬೇಕಿತ್ತು. ನಮ್ಮ ಹುಡುಗ ನಿಮ್ಮ ಜೊತೆ ಐದು ದಿನ ಬೆಟ್ಟ ಸುತ್ತಿ ಬಂದನಲ್ಲ, ಅವನಿಗೆ ಅದರಿಂದ ಏನು ಸಿಕ್ತು?" ಅಂದರು. ಜಗಳದ ದನಿ ಅದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. "ಬಂದವನು ಏನೂ ಹೇಳಲ್ಲ. ಚೆನ್ನಾಗಿತ್ತು ಅಂತಾನೆ, ಅಷ್ಟೇ. ಆದರೆ ಈಗ ರಾತ್ರಿ ಊಟ ಆದ್ಮೇಲೆ ಲೈಟ್ ಆರಿಸಿ ಅಂಗಳದಲ್ಲಿ ಒಬ್ಬನೇ ಕೂತಿರ್ತಾನೆ. ಕೈಲಿ ಮೊಬೈಲೂ ಇರಲ್ಲ. ಅರ್ಧ ಗಂಟೆ ಹಾಗೇ ಇರ್ತಾನೆ. ಹುಷಾರಿದ್ದಾನಾ ಅಂತ ನಂಗೆ ಭಯ ಆಗುತ್ತೆ."

"ಹಾಗೇನಿಲ್ಲ, ಮಕ್ಕಳಿಗೆ ಆತ್ಮವಿಶ್ವಾಸ ಬರುತ್ತೆ, ನಾಯಕತ್ವ ಬರುತ್ತೆ" ಅಂತ ಏನೋ ಹೇಳಿದೆ. ಅವರು ತಲೆ ಆಡಿಸಿ ಹೊರಟರು. ಅವರಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಆ ಎರಡು ಪದಗಳು ಎಲ್ಲ ಚಾರಣ ಶಿಬಿರಗಳ ಕರಪತ್ರಗಳಲ್ಲೂ ಇರುತ್ತವೆ. ಹದಿನೈದು ವರ್ಷದಿಂದ ದಸರಾ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ಹತ್ತುತ್ತಿರುವ ನಾನು ಒಬ್ಬ ತಾಯಿಗೆ ಕರಪತ್ರ ಓದಿ ಹೇಳಿದೆನಲ್ಲ ಅನ್ನಿಸಿತು. ಕತ್ತಲಲ್ಲಿ ಕೂತ ಹುಡುಗನಿಗೂ ಆತ್ಮವಿಶ್ವಾಸಕ್ಕೂ ಏನು ಸಂಬಂಧ? ಆ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ. ಇವತ್ತು ಕೂತು ಬರೆದೇ ನೋಡೋಣ ಅಂತ.

ಹದಿನಾಲ್ಕು ಜನ, ಒಂದು ಮಂಜು

2014ರ ಅಕ್ಟೋಬರ್. ಕಾವೇರಿ ಸಂಕ್ರಮಣಕ್ಕೆ ಇನ್ನೂ ಒಂದು ವಾರ ಇತ್ತು. ಆ ವರ್ಷ ತಡಿಯಂಡಮೋಳ್‌ಗೆ ಹೋಗಿದ್ದೆವು. ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ದಾರಿ ಸುಲಭ, ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬಂದವರೂ ಹತ್ತಿ ಇಳಿಯುತ್ತಾರೆ ಅಂತ ನೀವು ಹೇಳಬಹುದು. ಬಿಸಿಲಿದ್ದರೆ ಸರಿ. ನಾವು ಹೋದದ್ದು ವಾರದ ನಡುವೆ, ಬೆಟ್ಟದಲ್ಲಿ ಬೇರೆ ಯಾರೂ ಇರಲಿಲ್ಲ. ಹಿಂದಿನ ರಾತ್ರಿ ಕಕ್ಕಬ್ಬೆ ಹತ್ತಿರ ಪರಿಚಯದವರ ಕಾಫಿ ಕಣದಲ್ಲಿ ಮಲಗಿದ್ದೆವು. ಕೊಯ್ಲಿಗೆ ಇನ್ನೂ ತಿಂಗಳುಗಳಿದ್ದವು, ಕಣ ಖಾಲಿ ಇತ್ತು. ಬೆಳಿಗ್ಗೆ ಬೆಲ್ಲದ ಕಾಪಿ ಕುಡಿದು, ಬುತ್ತಿಗೆ ಅಕ್ಕಿ ರೊಟ್ಟಿ ಕಟ್ಟಿಕೊಂಡು ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತಲು ಶುರು ಮಾಡಿದೆವು.

ನಮ್ಮಲ್ಲಿ ಒಂದೆರಡು ನಿಯಮ ಇವೆ. ಪ್ರತಿ ದಿನ ಒಬ್ಬರು ಮುಂದಾಳು. ದಾರಿ, ವಿಶ್ರಾಂತಿ, ಊಟದ ಹೊತ್ತು ಎಲ್ಲ ಅವರ ತೀರ್ಮಾನ. ನಾನು ಸಾಲಿನ ಕೊನೆಯಲ್ಲಿ ನಡೆಯುತ್ತೇನೆ, ಕೇಳದೆ ಬಾಯಿ ಬಿಡುವುದಿಲ್ಲ. ಇನ್ನೊಂದು, ಎಣಿಕೆ. ಅರ್ಧ ಗಂಟೆಗೊಮ್ಮೆ ಮುಂದಿನಿಂದ ಒಂದು, ಎರಡು, ಮೂರು ಅಂತ ಕೂಗುತ್ತಾ ಬರಬೇಕು. ನಿನ್ನ ಸಂಖ್ಯೆ ನಿನ್ನದು. ನಿನ್ನ ಹಿಂದಿನವರ ದನಿ ಕೇಳದಿದ್ದರೆ ಅದನ್ನು ಹೇಳುವ ಜವಾಬ್ದಾರಿಯೂ ನಿನ್ನದೇ. ಮೊದಲ ದಿನ ಮಕ್ಕಳು ನಗುತ್ತಾರೆ, ಒಬ್ಬರ ಸಂಖ್ಯೆ ಇನ್ನೊಬ್ಬರು ಕೂಗುತ್ತಾರೆ. ಎರಡನೇ ದಿನ ಯಾರೂ ನಗುವುದಿಲ್ಲ. ಏಳು ಆದ ಮೇಲೆ ಎಂಟು ಬರದೇ ಎರಡು ಸೆಕೆಂಡ್ ಮೌನ ಆಯಿತು ಅಂದರೆ ಇಡೀ ಸಾಲು ನಿಂತು ಹಿಂದೆ ನೋಡುತ್ತದೆ. ಎಂಟನೆಯವಳು ಶೂ ಲೇಸು ಕಟ್ಟುತ್ತಿದ್ದಳು, ಅಷ್ಟೇ. ಆದರೂ ನಿಂತೇ ನಿಲ್ಲುತ್ತದೆ.

ಅವತ್ತು ಮುಂದಾಳು ಮಕ್ಕಂದೂರು ಕಡೆಯ ಹುಡುಗಿ. ಚುರುಕು, ಮಾತು ಜಾಸ್ತಿ, ತರಗತಿಯಲ್ಲಿ ಮೊದಲ ಬೆಂಚು. ಕೊನೆಯ ಶೋಲಾ ಕಾಡು, ಅಂದರೆ ಹುಲ್ಲುಬೆಟ್ಟದ ಮಡಿಕೆಯಲ್ಲಿರುವ ದಟ್ಟ ಕಾಡು, ದಾಟಿ, ಬೇರು ಹಿಡಿದು ಆ ಕಡಿದಾದ ಏರು ಹತ್ತಿ ತುದಿ ತಲುಪಿದಾಗ ಮಧ್ಯಾಹ್ನ. ರೊಟ್ಟಿ ತಿಂದೆವು. ಮಕ್ಕಳು ಫೋಟೋ ತೆಗೆದುಕೊಂಡರು. ಅಷ್ಟರಲ್ಲಿ ಕೇರಳದ ಕಡೆಯಿಂದ ಮಂಜು ಏರಿ ಬಂತು. ನಮ್ಮ ಕಡೆ ಮಂಜು ಹೇಗೆ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಈಗ ಎದುರಿನ ಬೆಟ್ಟ ಇತ್ತು, ಈಗ ಇಲ್ಲ. ಐದು ನಿಮಿಷದಲ್ಲಿ ಸಾಲಿನ ಕೊನೆಯಲ್ಲಿದ್ದ ನನಗೆ ನಾಲ್ಕು ಜನರ ಆಚೆ ಯಾರೂ ಕಾಣುತ್ತಿರಲಿಲ್ಲ.

ಅವಳು ಇಳಿಯಲು ಹೊರಟಳು. ಹುಲ್ಲಿನ ನಡುವೆ ಒಂದು ಕಾಲುದಾರಿ ಇತ್ತು, ಸ್ಪಷ್ಟವಾಗಿಯೇ ಇತ್ತು. ಆದರೆ ಅದು ನಾವು ಬಂದ ದಾರಿಯಲ್ಲ. ಬೆಟ್ಟದ ಇನ್ನೊಂದು ಮಗ್ಗುಲಿಗೆ ಇಳಿಯುವ ದಾರಿ. ಎರಡನೇ ನಿಮಿಷದಲ್ಲೇ ನನಗೆ ಗೊತ್ತಾಯಿತು. ನಾನು ಸುಮ್ಮನಿದ್ದೆ.

ಈ ಸುಮ್ಮನಿರುವುದರ ಬಗ್ಗೆ ಸ್ವಲ್ಪ ಹೇಳಬೇಕು. ಬೆಟ್ಟದಲ್ಲಿ ದೊಡ್ಡವರಿಗೆ ಅದಕ್ಕಿಂತ ಕಷ್ಟದ ಕೆಲಸ ಇಲ್ಲ. ಮೈಯೆಲ್ಲ ಬಿಗಿಯಾಗುತ್ತದೆ, ಬಾಯಿ ತುದಿಗೆ ಮಾತು ಬಂದು ನಿಂತಿರುತ್ತದೆ. ಆ ಇಳಿಜಾರು ಎಲ್ಲಿಯ ತನಕ ಸುರಕ್ಷಿತ ಅಂತ ನನಗೆ ಗೊತ್ತಿತ್ತು. ಹುಲ್ಲು ಮುಗಿದು ಕಾಡು ಶುರುವಾಗುವ ಅಂಚು ನನ್ನ ಗೆರೆ. ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬಿಡುವುದಿಲ್ಲ ಅಂತ ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಆ ಗೆರೆ ನಿಮ್ಮ ತಲೆಯಲ್ಲಿ ಸ್ಪಷ್ಟ ಇಲ್ಲದಿದ್ದರೆ ದಯವಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಗೆರೆ ಸ್ಪಷ್ಟ ಇದ್ದರೆ, ಅದು ಬರುವ ತನಕ ಬಾಯಿ ತೆರೆಯಬೇಡಿ.

ಹತ್ತು ನಿಮಿಷ ನಡೆದಿರಬೇಕು. ನನ್ನ ಮುಂದೆ ಇದ್ದವನು ಹದಿನಾಲ್ಕನೇ ಹುಡುಗ. ಸಿದ್ದಾಪುರದ ಕಡೆ ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುತ್ತಿದ್ದ. ತರಗತಿಯಲ್ಲಿ ಎರಡು ವರ್ಷದಲ್ಲಿ ಅವನ ದನಿ ನಾನು ಕೇಳಿದ್ದು ಹಾಜರಿ ಕರೆದಾಗ ಮಾತ್ರ. ಅವನು ನಿಂತ. ಕೆನ್ನೆ ಸವರಿಕೊಂಡ. ಮಂಜಿನ ಹನಿ ಅವನ ಹುಬ್ಬಿನ ಮೇಲೆ ಸಣ್ಣ ಮಣಿಗಳ ಹಾಗೆ ಕೂತಿತ್ತು. ನನ್ನ ಕಡೆ ತಿರುಗದೆ, ಮುಂದಿನವರಿಗೂ ಕೇಳದ ಹಾಗೆ, ತನಗೇ ಹೇಳಿಕೊಂಡ ಹಾಗೆ ಅಂದ: "ಹತ್ತುವಾಗ ಗಾಳಿ ಮುಖಕ್ಕೆ ಹೊಡೀತಿತ್ತು. ಈಗ ಬೆನ್ನಿಗೆ ಹೊಡೀಬೇಕಿತ್ತು ಅಲ್ವಾ? ಈಗಲೂ ಮುಖಕ್ಕೇ ಹೊಡೀತಿದೆ."

"ಯಾರಿಗೆ ಹೇಳಬೇಕೋ ಅವರಿಗೆ ಹೇಳು" ಅಂದೆ, ಅಷ್ಟೇ.

ಅವನು ಹೇಳಲಿಲ್ಲ. ಇನ್ನೂ ಇಪ್ಪತ್ತು ಹೆಜ್ಜೆ ಹಾಗೇ ನಡೆದ. ನನ್ನ ಗೆರೆ ಹತ್ತಿರ ಬರುತ್ತಿತ್ತು. ಆಗ ಮುಂದಿನಿಂದ ಎಣಿಕೆ ಶುರುವಾಯಿತು. ಒಂದು, ಎರಡು, ಮೂರು. ಮಂಜಿನೊಳಗಿಂದ ಒಂದೊಂದೇ ದನಿ ಹತ್ತಿರ ಬರುತ್ತಾ ಬಂತು. ಹದಿಮೂರು ಆಯಿತು. ಹದಿನಾಲ್ಕು ಬರಲಿಲ್ಲ. ಅವನು ಬೇಕೆಂದೇ ಕೂಗಿರಲಿಲ್ಲ. ಸಾಲು ನಿಂತಿತು. "ಹದಿನಾಲ್ಕು?" ಅಂತ ಮುಂದಿನಿಂದ ಆ ಹುಡುಗಿ ಕೂಗಿದಳು, ದನಿಯಲ್ಲಿ ಗಾಬರಿ. ಆಗ ಅವನು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹದಿನಾಲ್ಕು ಇದ್ದೀನಿ. ದಾರಿ ತಪ್ಪಿದೆ."

ಅವಳು ಹಿಂದಕ್ಕೆ ಬಂದಳು. ಗಾಳಿಯ ಮಾತು ಕೇಳಿದಳು. ಎಲ್ಲರೂ ಮುಖ ಎತ್ತಿ ಗಾಳಿಗೆ ಒಡ್ಡಿದರು. ಹದಿನಾಲ್ಕು ಮುಖ ಮಂಜಿನಲ್ಲಿ ಒಂದೇ ಕಡೆ ತಿರುಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಅವಳು ಸ್ವೆಟರ್ ಒಳಗೆ ಕೈ ಹಾಕಿ ದಿಕ್ಸೂಚಿ ಹೊರಗೆ ತೆಗೆದಳು. ಬೆಳಿಗ್ಗೆಯಿಂದ ಅವಳ ಕೊರಳಲ್ಲೇ ಇತ್ತು. ನಾವು ನಡೆಯುತ್ತಿದ್ದದ್ದು ಪಶ್ಚಿಮಕ್ಕೆ. ನಡೆಯಬೇಕಾದದ್ದು ಈಶಾನ್ಯಕ್ಕೆ. ಅವಳು ಅಳಲಿಲ್ಲ, ಯಾರ ಮೇಲೂ ರೇಗಲಿಲ್ಲ. "ವಾಪಸ್ ಮೇಲೆ ಹತ್ತೋಣ. ನೀನು ನನ್ನ ಜೊತೆ ಮುಂದೆ ಬಾ" ಅಂದಳು ಅವನಿಗೆ.

ಸಂಜೆ ಅರಮನೆ ಹತ್ತಿರ ಕೂತು ಕಾಲಿನ ಜಿಗಣೆ ಕೀಳುವಾಗ ಅವನನ್ನು ಕೇಳಿದೆ, ಮೊದಲೇ ಯಾಕೆ ಹೇಳಲಿಲ್ಲ ಅಂತ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ಇದೆಲ್ಲ ಹೇಳಿದ್ರೆ ನಗ್ತಾರೆ ಮೇಡಂ. ಗಾಳಿ, ಹುಲ್ಲು, ದನ, ಅದೆಲ್ಲ ಮನೇಲಿ. ಕಾಲೇಜಲ್ಲಿ ಅಲ್ಲ." ಅವನ ಅಪ್ಪನೇ ಹೇಳಿದ್ದರಂತೆ, ಇದನ್ನೆಲ್ಲ ಬಿಟ್ಟು ಓದು ಅಂತ. ಅಪ್ಪ ಹೇಳಿದ್ದು ಪ್ರೀತಿಯಿಂದಲೇ. ತೋಟದ ಕೆಲಸ ಮಗನಿಗೆ ಬೇಡ ಅನ್ನುವ ಆಸೆ. ಆದರೆ ಹಾಗೆ ಬಿಡುತ್ತಾ ಬಿಡುತ್ತಾ, ತನಗೆ ಗೊತ್ತಿರುವುದು ಗೊತ್ತಿರುವುದೇ ಅಲ್ಲ ಅಂತ ಆ ಹುಡುಗ ತೀರ್ಮಾನ ಮಾಡಿಕೊಂಡಿದ್ದ. ಕಾಡಿನವರಿಗೆ ಕಾಡು ಗೊತ್ತು ಅಂತ ನಾವು ಹೊಗಳುತ್ತೇವೆ. ಆ ಹೊಗಳಿಕೆ ನನಗೆ ಇಷ್ಟವಿಲ್ಲ. ಅವನನ್ನು ಹೊಗಳಿ ಹಾಳು ಮಾಡಬಾರದು ಅಂತ ನಾನು ಏನೂ ಹೇಳಲಿಲ್ಲ. ಮರುದಿನದ ಮುಂದಾಳು ಅವನು.

ದೂರದ ಒಂದು ಕಥೆ

ಇಂಥ ಪ್ರಯಾಣಗಳಿಗೆ ಒಂದು ಇತಿಹಾಸ ಇದೆ. ಕರ್ಟ್ ಹಾನ್ ಅಂತ ಜರ್ಮನಿಯ ಒಬ್ಬ ಮೇಷ್ಟ್ರು. ಯಹೂದಿ ಮನೆತನದವರು. ಹಿಟ್ಲರ್‌ನ ವಿರುದ್ಧ ಮಾತಾಡಿ ಬಂಧನಕ್ಕೊಳಗಾಗಿ, 1933ರಲ್ಲಿ ಬ್ರಿಟನ್ನಿಗೆ ಹೋದರು. ಮರುವರ್ಷ ಸ್ಕಾಟ್ಲೆಂಡಿನ ಗಾರ್ಡನ್‌ಸ್ಟನ್‌ನಲ್ಲಿ ಶಾಲೆ ತೆರೆದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕು ಹಡಗುಗಳು ಮುಳುಗುತ್ತಿದ್ದವು. ಲೈಫ್‌ಬೋಟ್‌ಗಳಲ್ಲಿ ಉಳಿದವರಲ್ಲಿ ಮೈಕಟ್ಟಿನ ಎಳೆಯ ನಾವಿಕರಿಗಿಂತ ವಯಸ್ಸಾದವರೇ ಹೆಚ್ಚು ಬದುಕುತ್ತಿದ್ದಾರೆ ಅನ್ನುವುದು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರ ಚಿಂತೆಯಾಗಿತ್ತು. ಇಬ್ಬರೂ ಸೇರಿ 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಹುಡುಗರಿಗಾಗಿ ಸುಮಾರು ಒಂದು ತಿಂಗಳ ತರಬೇತಿ ಶುರು ಮಾಡಿದರು. ಅದೇ ಔಟ್‌ವರ್ಡ್ ಬೌಂಡ್. ಹಡಗು ಬಂದರು ಬಿಟ್ಟು ಕಡಲಿಗೆ ಹೊರಡುವುದಕ್ಕೆ ನಾವಿಕರು ಹೇಳುವ ಮಾತು ಅದು. ನಮ್ಮಲ್ಲಿ ಎವರೆಸ್ಟ್ ಹತ್ತಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆ ಬಂತು. ಉತ್ತರಕಾಶಿಯದ್ದು 1965ರಲ್ಲಿ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಲೈಫ್‌ಬೋಟ್. ಹುಡುಗರಿಗೆ ತೋಳಿನ ಬಲ ಇತ್ತು, ವಯಸ್ಸಿತ್ತು, ಈಗಿನ ಮಾತಲ್ಲಿ ಹೇಳಿದರೆ ಆತ್ಮವಿಶ್ವಾಸವೂ ಇದ್ದಿರಬೇಕು. ವಯಸ್ಸಾದವರ ಹತ್ತಿರ ಇದ್ದದ್ದು ಬೇರೆ. ಅಲೆ ಯಾವ ಕಡೆಯಿಂದ ಏಳುತ್ತಿದೆ, ನೀರು ಎಷ್ಟಿದೆ, ಪಕ್ಕದವನು ಯಾವಾಗ ಕುಸಿಯುತ್ತಾನೆ ಅಂತ ನೋಡುವ ಅಭ್ಯಾಸ ಅದು ಅಂತ ನನಗೆ ಅನ್ನಿಸುತ್ತದೆ. ಹಾನ್ ತಮ್ಮ ಶಾಲೆಯ ಹುಡುಗರನ್ನು ಕಡಲ ಕಾವಲಿಗೆ ಹಾಕಿದರು, ಬೆಂಕಿ ನಂದಿಸುವ ದಳಕ್ಕೆ ಸೇರಿಸಿದರು. ಅವು ಆಟದ ಕೆಲಸಗಳಲ್ಲ. ಹುಡುಗ ನಿದ್ದೆ ಹೋದರೆ ನಿಜವಾಗಿ ಯಾರಿಗೋ ತೊಂದರೆ ಆಗುವ ಕೆಲಸ.

1997ರಲ್ಲಿ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಜೊತೆಗಾರರು ಇಂಥ ಸಾಹಸ ಶಿಬಿರಗಳ ಬಗೆಗಿನ 96 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಶಾಲೆಯಲ್ಲಿ ಮಾಡುವ ಎಷ್ಟೋ ಕಾರ್ಯಕ್ರಮಗಳ ಫಲ ಕಾರ್ಯಕ್ರಮ ಮುಗಿದ ಮೇಲೆ ಕರಗುತ್ತಾ ಹೋಗುತ್ತದೆ. ಇಲ್ಲಿ ಮಾತ್ರ ಮನೆಗೆ ಬಂದ ಮೇಲೂ ಅದು ಬೆಳೆಯುತ್ತಲೇ ಇತ್ತು. ಇಪ್ಪತ್ತು ದಿನಕ್ಕಿಂತ ಉದ್ದದ ಶಿಬಿರಗಳಲ್ಲಿ ಫಲ ಇನ್ನೂ ಹೆಚ್ಚು. ಅದನ್ನು ಓದಿದಾಗ ನಮ್ಮ ಐದು ದಿನ ನೆನೆದು ಸ್ವಲ್ಪ ಸಂಕಟವಾಯಿತು. ಆದರೆ ಮನೆಗೆ ಬಂದ ಮೇಲೆ ಬೆಳೆಯುವುದು ಅಂದರೆ ಏನು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಮಗೆ ಮನೆಯಲ್ಲೇ ಸಿಕ್ಕಿದ್ದು

ನಾನು ಆರನೇ ತರಗತಿಯಲ್ಲಿದ್ದಾಗ ಮನೆಯಿಂದ ಶಾಲೆಗೆ ಗದ್ದೆ ಬಯಲು ದಾಟಿ, ಒಂದು ತೋಡು ದಾಟಿ, ಬಾಣೆ ಅನ್ನುವ ಗದ್ದೆ ಮೇಲಿನ ಗುಡ್ಡ ಹತ್ತಿ ಹೋಗಬೇಕಿತ್ತು. ಜೊತೆಗೆ ಇಬ್ಬರು ಚಿಕ್ಕವರು. ಜುಲೈ ತಿಂಗಳಲ್ಲಿ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ಮುಳುಗಿದೆಯೋ ಇಲ್ಲವೋ ನೋಡಿ, ದಾಟುವುದಾ ವಾಪಸ್ ಹೋಗುವುದಾ ಅಂತ ತೀರ್ಮಾನಿಸುತ್ತಿದ್ದದ್ದು ನಾನು. ಅಪ್ಪ ಮೊದಲ ಮಳೆಯಲ್ಲಿ ಒಂದೇ ಸಲ ಬಂದು ತೋರಿಸಿದ್ದರು. ನೀರು ಕೆಂಪಗಾಗಿ ಕಸ ಕಡ್ಡಿ ತೇಲಿ ಬರ್ತಿದ್ರೆ ಇನ್ನೂ ಏರುತ್ತೆ ಅಂತ ತಿಳ್ಕೋ, ದಾಟಬೇಡ. ಅಷ್ಟು ಹೇಳಿ ಬಿಟ್ಟರು. ಹನ್ನೊಂದು ವರ್ಷದ ಹುಡುಗಿಯ ಕೈಗೆ ಎರಡು ಚಿಕ್ಕ ಮಕ್ಕಳನ್ನು ಒಪ್ಪಿಸಿದರು. ಅದು ಸಾಹಸ ಶಿಕ್ಷಣ ಅಂತ ಯಾರಿಗೂ ಗೊತ್ತಿರಲಿಲ್ಲ. ಶಾಲೆಗೆ ಹೋಗುವುದು, ಅಷ್ಟೇ.

ಈಗ ವ್ಯಾನ್ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ. ಅಪ್ಪ ಅಮ್ಮಂದಿರನ್ನು ದೂರಲು ನನಗೆ ಮನಸ್ಸಿಲ್ಲ. ಸಿದ್ದಾಪುರ, ಪಾಲಿಬೆಟ್ಟದ ಕಡೆ ಬೆಳಗಿನ ಹೊತ್ತು ತೋಟದ ದಾರಿಯಲ್ಲಿ ಆನೆ ನಿಂತಿರುತ್ತದೆ. ಮಕ್ಕಳನ್ನು ನಡೆಸಿ ಕಳಿಸಿ ಅಂತ ಯಾವ ಬಾಯಲ್ಲಿ ಹೇಳುವುದು? ಕಾರಣ ಸರಿಯಾದದ್ದೇ. ಆದರೂ ಏನೋ ಒಂದು ಕೈ ತಪ್ಪಿ ಹೋಗಿದೆ. ಹದಿನಾರು ವರ್ಷದ ಮಕ್ಕಳಿಗೆ ಇವತ್ತು ಅಂಕದ ಭಾರ ಬೆಟ್ಟದಷ್ಟಿದೆ. ಆದರೆ ಅವರು ಎಡವಿದರೆ ಇನ್ನೊಬ್ಬರಿಗೆ ನೋವಾಗುತ್ತದೆ, ಅವರು ಗಮನಿಸಿದರೆ ಇನ್ನೊಬ್ಬರು ಉಳಿಯುತ್ತಾರೆ ಅನ್ನುವ ಕೆಲಸ ಒಂದೂ ಅವರ ಕೈಯಲ್ಲಿಲ್ಲ. ಹಾಗಾಗಿ ಗಮನಿಸುವ ಅಗತ್ಯವೇ ಬಿದ್ದಿಲ್ಲ. ಬೆಟ್ಟದಲ್ಲಿ ಆ ಅಗತ್ಯ ಬೀಳುತ್ತದೆ. ನೀರಿನ ಬಾಟಲಿ ಖಾಲಿಯಾದರೆ ಖಾಲಿ, ಅಂಗಡಿ ಇಲ್ಲ. ಮುಂದಿನವಳು ಕುಂಟುತ್ತಿದ್ದಾಳೆ ಅಂತ ನೀನು ನೋಡದಿದ್ದರೆ ಸಂಜೆ ಅವಳ ಚೀಲ ನೀನೇ ಹೊರಬೇಕು.

ಅಷ್ಟೇ ಸಾಕು ಅಂತಲೂ ಅಲ್ಲ. ಬೆಟ್ಟ ಹತ್ತುವುದು ಈಗ ತುಂಬ ಜನಕ್ಕೆ ಬೇಕಾಗಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಎಷ್ಟು ಜನ ಬಂದರು ಅಂದರೆ, ಮುಂಗಡ ಟಿಕೆಟ್ ಇಲ್ಲದೆ ಚಾರಣ ಬೇಡ ಅಂತ ಸರ್ಕಾರವೇ ಹೇಳಬೇಕಾಯಿತು. ಮುಂದಿರುವವನ ಬೆನ್ನು ನೋಡುತ್ತಾ ಸಾಲಿನಲ್ಲಿ ಹತ್ತಿ, ತುದಿಯಲ್ಲಿ ಫೋಟೋ ತೆಗೆದು ಇಳಿದರೆ ಕಾಲಿಗೆ ವ್ಯಾಯಾಮ ಆಗುತ್ತದೆ. ಅದೂ ಒಳ್ಳೆಯದೇ. ಆದರೆ ಅಲ್ಲಿ ಯಾರೂ ಯಾರನ್ನೂ ಎಣಿಸುವುದಿಲ್ಲ.

ನನ್ನ ಕೈ ಅವಳ ಬೆನ್ನಿನ ಮೇಲೆ

ಒಂದು ತಪ್ಪನ್ನೂ ಇಲ್ಲಿ ಬರೆಯಬೇಕು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದಕ್ಕೆ ಬೆಲೆ ಇರುವುದಿಲ್ಲ.

ಶುರುವಿನ ವರ್ಷಗಳಲ್ಲಿ ಒಮ್ಮೆ ಬ್ರಹ್ಮಗಿರಿಗೆ ಹೋಗಿದ್ದೆವು. ಇರ್ಪು ಜಲಪಾತದ ಕಡೆಯಿಂದ, ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಗೈಡ್ ಜೊತೆಗೆ. ಆಗ ನರಿಮಲೆಯ ಇಲಾಖೆ ಮನೆಯಲ್ಲಿ ರಾತ್ರಿ ಉಳಿಯಲು ಬಿಡುತ್ತಿದ್ದರು. ಮರುದಿನ ತುದಿಗೆ. ಕೊನೆಯ ಹುಲ್ಲಿನ ಏರಿನಲ್ಲಿ ಒಬ್ಬ ಹುಡುಗಿ ನಿಂತುಬಿಟ್ಟಳು. "ನಂಗೆ ಸಾಕು ಮೇಡಂ, ನಾನು ಇಲ್ಲೇ ಕೂರ್ತೀನಿ" ಅಂದಳು. ಸುಸ್ತು ಅಷ್ಟೇನೂ ಇರಲಿಲ್ಲ, ಭಯವೂ ಇದ್ದ ಹಾಗೆ ಕಾಣಲಿಲ್ಲ. ಸಾಕು ಅಂದಳು, ಅಷ್ಟೇ. ನನಗೆ ಬಿಡಲು ಮನಸ್ಸಾಗಲಿಲ್ಲ. ಇಷ್ಟು ದೂರ ಬಂದಿದ್ದಾಳೆ, ತುದಿ ಮುಟ್ಟಿದರೆ ಜೀವಮಾನ ಪೂರ್ತಿ ನೆನಪಿರುತ್ತದೆ ಅಂತ ನನ್ನ ಲೆಕ್ಕ. "ಬಾರೇ, ಇನ್ನೇನು ಬಂತು" ಅಂತ ಅವಳ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತಾ ಹತ್ತಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ.

ಮುಂದೆ ಅವಳು ಯಾವ ಚಾರಣಕ್ಕೂ ಬರಲಿಲ್ಲ. ಏಳೆಂಟು ವರ್ಷದ ನಂತರ ಗೋಣಿಕೊಪ್ಪದ ಒಂದು ಮದುವೆಯಲ್ಲಿ ಸಿಕ್ಕಳು. ಪಕ್ಕದಲ್ಲೇ ಊಟಕ್ಕೆ ಕೂತಿದ್ದೆವು. ಬ್ರಹ್ಮಗಿರಿ ನೆನಪಿದೆಯಾ ಅಂತ ಕೇಳಿದೆ. ಅವಳು ಎಲೆ ನೋಡುತ್ತಾ ಮೆಲ್ಲಗೆ ಹೇಳಿದಳು: "ಬೆಟ್ಟ ನೆನಪಿಲ್ಲ ಮೇಡಂ. ನನ್ನ ಬೆನ್ನಿನ ಮೇಲೆ ನಿಮ್ಮ ಕೈ ನೆನಪಿದೆ." ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಅವಳು ಮೊದಲ ಸಲ ತನ್ನ ದೇಹ ಹೇಳಿದ್ದನ್ನು ಕೇಳಿ, ಹತ್ತು ಜನರ ಎದುರು ಬಾಯಿ ಬಿಟ್ಟು ಸಾಕು ಅಂದಿದ್ದಳು. ನಾನು ಮಕ್ಕಳಿಂದ ಕೇಳುವುದೂ ಅದನ್ನೇ ಅಲ್ವಾ, ನೋಡು, ಗಮನಿಸು, ಹೇಳು ಅಂತ? ಅವಳು ಮೂರನ್ನೂ ಮಾಡಿದ್ದಳು. ಗಮನಿಸದೆ ಹೋದದ್ದು ನಾನು.

ಆಮೇಲಿಂದ ನಮ್ಮಲ್ಲಿ ಸಾಕು ಅನ್ನುವ ಮಾತಿಗೆ ಮೇಲ್ಮನವಿ ಇಲ್ಲ. ಒಬ್ಬರು ಸಾಕು ಅಂದರೆ ಇನ್ನಿಬ್ಬರು ಅವರ ಜೊತೆ ಕೂರುತ್ತಾರೆ, ಉಳಿದವರು ಎಷ್ಟು ಹೊತ್ತಿಗೆ ವಾಪಸ್ ಬರುತ್ತೇವೆ ಅಂತ ಹೇಳಿ ಹೋಗುತ್ತಾರೆ. ಕೆಲವು ಸಲ ಇಡೀ ಗುಂಪೇ ಸಾಕು ಅಂದಿದೆ. ಒಂದು ವರ್ಷ ಹೆಗ್ಗಡೆಮನೆ ಕಡೆಯಿಂದ ಪುಷ್ಪಗಿರಿಗೆ ಹೊರಟಾಗ ರಾತ್ರಿ ಮಳೆ ಬಿದ್ದು ಬಂಡೆಯೆಲ್ಲ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ಮಕ್ಕಳೇ ಕೂತು ಮಾತಾಡಿ ಇಳಿಯೋಣ ಅಂದರು. ಇಬ್ಬರು ಹುಡುಗರು ಮುಖ ಊದಿಸಿಕೊಂಡರು. ಅವರಲ್ಲಿ ಒಬ್ಬ ಕೊನೆಯವರೆಗೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅವನಿಗೆ ಆ ಪ್ರಯಾಣದಿಂದ ಏನೂ ಸಿಗಲಿಲ್ಲ ಅಂತಲೇ ಕಾಣುತ್ತದೆ. ಎಲ್ಲರಿಗೂ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ.

ಕತ್ತಲಲ್ಲಿ ಎಣಿಸಿದವಳು

ಮಳೆಗೆ ಗುಡ್ಡಗಳೇ ಕುಸಿದ 2018ರ ಆಗಸ್ಟ್ ಬಗ್ಗೆ ಕೊಡಗಿನವರಿಗೆ ಹೊಸದಾಗಿ ಏನು ಹೇಳಲಿ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಅಂದರೆ ಸಾಕು. ಮಂಜಿನಲ್ಲಿ ದಾರಿ ತಪ್ಪಿಸಿದ್ದ ಆ ಮುಂದಾಳು ಹುಡುಗಿ ಆಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಮಳೆ ಸ್ವಲ್ಪ ನಿಂತ ಮೇಲೆ ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಹೊದಿಕೆ ಕೊಡಲು ಹೋದಾಗ ಸಿಕ್ಕಳು. ಯಾರದೋ ಸೀರೆ ಉಟ್ಟಿದ್ದಳು, ಕಾಲಿಗೆ ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ. ಮನೆಯ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಬಿರುಕು ಬಿಟ್ಟಾಗ ಸುತ್ತಲಿನ ಮೂರು ಮನೆಯವರು ಒಟ್ಟಿಗೆ ಹೊರಟಿದ್ದರು. ಕರೆಂಟ್ ಇಲ್ಲ, ಎರಡೇ ಟಾರ್ಚ್. ಹನ್ನೊಂದು ಜನ, ಅದರಲ್ಲಿ ಒಬ್ಬರು ಅಜ್ಜಿ, ಮೂವರು ಮಕ್ಕಳು. ರಸ್ತೆ ಇರಲಿಲ್ಲ. ತೋಟದೊಳಗಿಂದ ಗುಡ್ಡದ ಮಗ್ಗುಲು ಹಿಡಿದು ನಡೆದರು.

"ನಾನು ಎಣಿಸ್ತಾ ಇದ್ದೆ ಮೇಡಂ" ಅಂದಳು. "ಕೂಗಿಸ್ತಾ ಇದ್ದೆ. ಚಿಕ್ಕಪ್ಪ ಬೈದ್ರು, ಈ ಹೊತ್ತಲ್ಲಿ ಏನೇ ನಿನ್ನ ಆಟ ಅಂತ. ಆದ್ರೂ ಕೂಗಿಸಿದೆ. ಒಂದು ಸಲ ಒಂಬತ್ತು ಬರಲಿಲ್ಲ."

ಒಂಬತ್ತು ಅಜ್ಜಿ. ಕೆಸರಲ್ಲಿ ಕಾಲು ಹೂತು ಕೂತುಬಿಟ್ಟಿದ್ದರು. ಮುಂದೆ ಹೋಗುವವರನ್ನು ನಿಲ್ಲಿಸಬಾರದು ಅಂತ ಕರೆಯಲೂ ಇಲ್ಲ. ಇಪ್ಪತ್ತು ಮಾರು ಹಿಂದೆ ಹೋಗಿ ಎತ್ತಿಕೊಂಡು ಬಂದರು. ಇಷ್ಟು ಹೇಳಿ ಅವಳು ಅತ್ತಳು. ಬೆಟ್ಟದಲ್ಲಿ ಅಳದವಳು ಅಲ್ಲಿ, ಆ ಹಾಲ್‌ನಲ್ಲಿ, ಚಾಪೆಗಳ ನಡುವೆ ನಿಂತು ಅತ್ತಳು. ನಾನು ಅವಳ ಕೈ ಹಿಡಿದುಕೊಂಡು ನಿಂತಿದ್ದೆ. ನನಗೆ ಮಾತು ಹೊರಡಲಿಲ್ಲ. ಚಾರಣಕ್ಕೆ ಹೋದದ್ದರಿಂದಲೇ ಅಜ್ಜಿ ಉಳಿದರು ಅಂತ ನಾನು ಹೇಳುತ್ತಿಲ್ಲ. ಅವಳು ಹೇಗೂ ಹಿಂದೆ ತಿರುಗಿ ನೋಡುತ್ತಿದ್ದಳೇನೋ. ಆದರೆ ಆ ಮೌನ, ಎಂಟು ಮತ್ತು ಹತ್ತರ ನಡುವಿನ ಆ ಎರಡು ಸೆಕೆಂಡ್, ಅದನ್ನು ಕೇಳಿಸಿಕೊಳ್ಳುವ ಕಿವಿ ಅವಳಿಗೆ ಎಲ್ಲಿ ಬಂತು ಅಂತ ನನಗೆ ಗೊತ್ತು.

ಅಂಗಳ

ಈಗ ಆ ಸಂತೆಯ ಪ್ರಶ್ನೆಗೆ ಬರುತ್ತೇನೆ. ಕಳೆದ ಅಕ್ಟೋಬರ್‌ನ ಐದು ದಿನದಲ್ಲಿ ಆ ಹುಡುಗ ವಿಶೇಷವಾಗಿ ಏನೂ ಮಾಡಲಿಲ್ಲ. ಮುಂದಾಳು ಆದ ದಿನ ದಾರಿ ಸರಿಯಾಗಿಯೇ ಹಿಡಿದ. ಊಟಕ್ಕೆ ನಿಲ್ಲಿಸಲು ಮರೆತು ಎಲ್ಲರಿಂದ ಬೈಸಿಕೊಂಡ. ಆದರೆ ಕೊನೆಯ ಸಂಜೆ ನಾವು ಒಂದು ಗಂಟೆ ಒಬ್ಬೊಬ್ಬರೇ ಕೂರುವ ಪದ್ಧತಿ ಇದೆ. ಕಾಡಂಚಿನ ಶಾಲೆಯ ಹಿಂದಿನ ಬಯಲಲ್ಲಿ, ಒಬ್ಬರಿಗೊಬ್ಬರು ಕಾಣದಷ್ಟು ದೂರ, ನಾನು ಕರೆದರೆ ಕೇಳುವಷ್ಟು ಹತ್ತಿರ. ಫೋನ್ ಇಲ್ಲ, ಪುಸ್ತಕ ಇಲ್ಲ. ಹೆಚ್ಚಿನ ಮಕ್ಕಳು ಅರ್ಧ ಗಂಟೆಗೆ ಚಡಪಡಿಸುತ್ತಾರೆ. ಕೆಲವರು ನಿದ್ದೆ ಮಾಡುತ್ತಾರೆ. ಕತ್ತಲಾಗಿ ನಾನು ಕರೆದಾಗ ಎಲ್ಲರೂ ಬಂದರು, ಅವನು ಬರಲಿಲ್ಲ. ಟಾರ್ಚ್ ಹಿಡಿದು ಹೋದೆ. "ಲೈಟ್ ಬೇಡ ಮೇಡಂ" ಅಂದ. "ಒಂದು ಕಪ್ಪೆ ಹತ್ತಿರ ಬರ್ತಾ ಇದೆ. ಮೊದಲು ಆ ಕಡೆ ಕೂಗ್ತಿತ್ತು, ಈಗ ಈ ಕಡೆ." ನಾನೂ ಪಕ್ಕದಲ್ಲಿ ಕೂತೆ. ಕಪ್ಪೆ ಕೂಗಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಹತ್ತಿರದಿಂದ ಕೂಗಿತು. ಅನ್ನ ಆರುತ್ತಿದೆ ಅಂತ ಶಾಲೆಯ ಕಡೆಯಿಂದ ಯಾರೋ ಕರೆಯುವ ತನಕ ಇಬ್ಬರೂ ಹಾಗೇ ಕೂತಿದ್ದೆವು.

ಇದನ್ನು ಆ ತಾಯಿಗೆ ಹೇಳಬೇಕಿತ್ತು. ಅವತ್ತು ಹೊಳೆಯಲಿಲ್ಲ.

ಜನವರಿಯಲ್ಲಿ, ಕಾಫಿ ಕೊಯ್ಲಿನ ಭರಾಟೆಯಲ್ಲಿ, ಅದೇ ಸಂತೆಯಲ್ಲಿ ಅವರು ಮತ್ತೆ ಸಿಕ್ಕರು. ನಾನೇ ಹತ್ತಿರ ಹೋಗಿ ಕಪ್ಪೆಯ ವಿಷಯ ಹೇಳಿದೆ. ಅವರು ನಕ್ಕರು. "ಮೊನ್ನೆ ನಾನೂ ಹೋಗಿ ಅವನ ಪಕ್ಕ ಕೂತೆ ಮೇಡಂ. ಏನು ಮಾಡ್ತಿದ್ದೀಯ ಅಂದೆ. ಸುಮ್ನೆ ಅಂದ. ಸರಿ ಅಂತ ನಾನೂ ಸುಮ್ನೆ ಕೂತೆ." ಚೀಲ ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡರು. "ನಮ್ಮ ಮನೆ ಹಿಂದೆ ಕೆಳಗೆ ಹೊಳೆ ಇದೆಯಲ್ಲ, ಅದು ಅಂಗಳಕ್ಕೆ ಕೇಳುತ್ತೆ. ಮದುವೆಯಾಗಿ ಬಂದು ಇಪ್ಪತ್ತು ವರ್ಷ ಆಯ್ತು. ಕೇಳುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ."